ಹೂಡಿನಿ ನೀರಿನ ಪೆಟ್ಟಿಗೆಯಲ್ಲೇ ಸತ್ತನಾ? ವೈರಲ್ ಕಥೆಯ ಹಿಂದಿನ ಸತ್ಯ

ತಲೆಕೆಳಗಾಗಿ ನೀರಿನ ಪೆಟ್ಟಿಗೆಯಲ್ಲಿ ತೂಗುತ್ತಿರುವ ಹ್ಯಾರಿ ಹೂಡಿನಿಯ ಫೋಟೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದೇ ಪೆಟ್ಟಿಗೆಯಲ್ಲಿ ಆತ ಮುಳುಗಿ ಸತ್ತ ಎನ್ನುವ ಕಥೆ ಸುಳ್ಳು. ಇದನ್ನು ಹಬ್ಬಿಸಿದ್ದರಲ್ಲಿ 1953ರ ಹಾಲಿವುಡ್ ಸಿನಿಮಾದ ಪಾಲು ದೊಡ್ಡದು.

1874ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಈತ ಬೇಡಿ ಬಿಡಿಸಿಕೊಳ್ಳುವುದರಲ್ಲಿ ಎಷ್ಟು ಪ್ರಸಿದ್ಧನೋ, ಜಾದೂಗಾರರನ್ನು ಒಂದುಗೂಡಿಸುವುದರಲ್ಲೂ ಅಷ್ಟೇ ಗಟ್ಟಿಗ. ಈ ಭಾಗವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ! ಸೊಸೈಟಿ ಆಫ್ ಅಮೆರಿಕನ್ ಮ್ಯಾಜಿಶಿಯನ್ಸ್ ಶುರುವಾಗಿದ್ದು 1902ರಲ್ಲಿ, ನ್ಯೂಯಾರ್ಕ್‌ನ ಮಾರ್ಟಿಂಕಾ ಜಾದೂ ಸಾಮಗ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ. 1917ರಲ್ಲಿ ಹೂಡಿನಿ ಅಧ್ಯಕ್ಷನಾದ, ಸಾಯುವವರೆಗೂ ಅದೇ ಸ್ಥಾನದಲ್ಲಿದ್ದ. ಪ್ರದರ್ಶನಕ್ಕೆ ಹೋದ ಊರುಗಳಲ್ಲೆಲ್ಲ ಸ್ಥಳೀಯ ಜಾದೂಗಾರರನ್ನು ಭೇಟಿಯಾಗಿ, ಅವರ ಸಣ್ಣಪುಟ್ಟ ಕ್ಲಬ್‌ಗಳು ಈ ಸಂಘದ ಶಾಖೆಗಳಾಗುವಂತೆ ಒಪ್ಪಿಸಿದ. ಗುಟ್ಟು ಬಿಟ್ಟುಕೊಡದ ಕಸುಬಿನವರನ್ನು ಒಂದೇ ಮೇಜಿಗೆ ಕೂರಿಸುವುದು ಬೇಡಿ ಬಿಚ್ಚುವುದಕ್ಕಿಂತ ಕಷ್ಟ ಎಂದೇ ನಮಗೆ ಅನಿಸುತ್ತದೆ.

ಒಗ್ಗಟ್ಟು ಮೋಸಗಾರರಲ್ಲೂ ಇತ್ತು. ಸತ್ತವರ ಜೊತೆ ಮಾತಾಡಿಸುತ್ತೇವೆ ಎನ್ನುವವರು ಗಿರಾಕಿಗಳ ಮನೆಯ ವಿವರಗಳನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದರು. ಹೂಡಿನಿ ರೋಸ್ ಮ್ಯಾಕೆನ್‌ಬರ್ಗ್‌ರಂಥ ಗುಪ್ತ ತನಿಖಾಗಾರರನ್ನು ಮೊದಲೇ ಊರಿಗೆ ಕಳಿಸಿ, ಆಮೇಲೆ ವೇದಿಕೆಯಲ್ಲೇ ಇವರ ಬಣ್ಣ ಬಯಲು ಮಾಡುತ್ತಿದ್ದ. ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತನಿಖಾ ಸಮಿತಿಯಲ್ಲೂ ಇದ್ದ. ವಿಜ್ಞಾನಿಗಳ ಕಣ್ಣಿಗೆ ಬೀಳದ ಕೈಚಳಕ ಜಾದೂಗಾರನ ಕಣ್ಣಿಗೆ ಬೀಳುತ್ತದಲ್ಲ!

ಹಾಗಾದರೆ ಸತ್ತಿದ್ದು ಹೇಗೆ? 1926ರ ಅಕ್ಟೋಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಒಬ್ಬ ವಿದ್ಯಾರ್ಥಿ ಅವನ ಹೊಟ್ಟೆಗೆ ಗುದ್ದಿದ್ದು ನಿಜ. ಆದರೆ ಜೀವ ತೆಗೆದದ್ದು ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆ ಹರಡಿದ ಸೋಂಕು. ಗುದ್ದಿನಿಂದ ಅಪೆಂಡಿಸೈಟಿಸ್ ಬರುವುದು ತೀರಾ ಅಪರೂಪ. ಮೊದಲೇ ಇದ್ದ ನೋವನ್ನು ಏಟಿನ ನೋವೆಂದು ತಿಳಿದು ತಡಮಾಡಿರುವ ಸಾಧ್ಯತೆ ಹೆಚ್ಚು. ವಿಪರೀತ ಜ್ವರದಲ್ಲೂ ಡೆಟ್ರಾಯಿಟ್‌ನಲ್ಲಿ ಪ್ರದರ್ಶನ ಕೊಟ್ಟ. ಆಪರೇಷನ್ ಆಗುವಷ್ಟರಲ್ಲಿ ಕೀವು ಹರಡಿತ್ತು. ಆಗ ಪೆನಿಸಿಲಿನ್ ಇನ್ನೂ ಪತ್ತೆಯೇ ಆಗಿರಲಿಲ್ಲ. ಅಕ್ಟೋಬರ್ 31ರಂದು, 52ನೇ ವಯಸ್ಸಿನಲ್ಲಿ ತೀರಿಕೊಂಡ. (ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿಯುವ ನೋವು, ಜೊತೆಗೆ ಜ್ವರ, ವಾಂತಿ ಇದ್ದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.)

ಅಂತ್ಯಕ್ರಿಯೆಯಲ್ಲಿ ಸಂಘದವರು ಅವನ ಹೆಸರಿನಲ್ಲಿ ಮಂತ್ರದಂಡವೊಂದನ್ನು ಮುರಿದರು. ಸದಸ್ಯರು ತೀರಿಕೊಂಡಾಗ ಹೀಗೆ ದಂಡ ಮುರಿಯುವ ಪದ್ಧತಿ ಜಾದೂಗಾರರಲ್ಲಿ ಈಗಲೂ ಇದೆ.