ಲೈಡನ್ನಿನ ಶೈತ್ಯಸಾಧಕ: ಹೈಕೆ ಕಾಮರ್ಲಿಂಗ್ ಓನೆಸ್

ಹೊಸೂರು, ತಳಿ, ಡೆಂಕಣಿಕೋಟೆಗಳ ಸುತ್ತಿನ ಹಳ್ಳಿಗಳಲ್ಲಿ ಹಸು ಸಾಕುವವರಿಗೆ ದ್ರವ ಸಾರಜನಕದ ಪಾತ್ರೆ ಹೊಸದಲ್ಲ. ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯ ಅದರಲ್ಲಿ ಕೆಡದೆ ಉಳಿಯುತ್ತದೆ. ಮುಚ್ಚಳ ತೆಗೆದೊಡನೆ ಬೆಳ್ಳನೆಯ ಹಬೆ ಹೊಮ್ಮುತ್ತದೆ. ಒಳಗಿನ ದ್ರವ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಈಗ ಬೈಕಿಗೆ ಕಟ್ಟಿ ಒಯ್ಯುವ ಈ ಶೈತ್ಯ ನೂರೈವತ್ತು ವರ್ಷಗಳ ಹಿಂದೆ ಯಾವ ಪ್ರಯೋಗಶಾಲೆಗೂ ದಕ್ಕಿರಲಿಲ್ಲ. ಇದಕ್ಕಿಂತಲೂ ಆಳದ ಶೈತ್ಯವನ್ನು ಜೀವಮಾನವಿಡೀ ಬೆನ್ನಟ್ಟಿ, ಅಲ್ಲಿ ಅತಿವಾಹಕತೆಯನ್ನು ಕಂಡವರು ಹಾಲೆಂಡಿನ ಹೈಕೆ ಕಾಮರ್ಲಿಂಗ್ ಓನೆಸ್.

ಅವರು ಹುಟ್ಟಿದ್ದು 1853ರ ಸೆಪ್ಟೆಂಬರ್ 21ರಂದು, ಗ್ರೋನಿಂಗೆನ್ ನಗರದಲ್ಲಿ. ತಂದೆಯದು ಇಟ್ಟಿಗೆ ಕಾರ್ಖಾನೆ. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಬುನ್ಸೆನ್, ಕಿರ್ಖಾಫ್ ಅವರ ಬಳಿ ಕಲಿತರು. ಭೂಮಿಯ ಆವರ್ತನೆಯನ್ನು ಲೋಲಕದಿಂದ ಸಾಧಿಸಿ ತೋರಿಸಿದ ಪ್ರಬಂಧಕ್ಕೆ 1879ರಲ್ಲಿ ಡಾಕ್ಟರೇಟ್ ಪಡೆದರು. 1882ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾತ್ಮಕ ಭೌತವಿಜ್ಞಾನದ ಪ್ರಾಧ್ಯಾಪಕರಾದರು. ಅಳತೆಯಿಲ್ಲದೆ ಅರಿವಿಲ್ಲವೆಂಬುದು ಅವರ ನಿಷ್ಠೆ.

ಆದರೆ ಅಳೆಯಲು ಯಂತ್ರಗಳು ಬೇಕು, ಯಂತ್ರಗಳಿಗೆ ಕೈಗಳು ಬೇಕು. ಓನೆಸರ ನಿಜವಾದ ಪ್ರತಿಭೆ ಇಲ್ಲಿ ಕಾಣುತ್ತದೆ. ಪ್ರಯೋಗಶಾಲೆಯನ್ನು ಅವರು ಕಾರ್ಖಾನೆಯಂತೆ ಕಟ್ಟಿದರು. ಗಾಜು ಊದುವವರನ್ನೂ ಲೋಹಕೆಲಸದವರನ್ನೂ ಅಲ್ಲಿಯೇ ತರಬೇತುಗೊಳಿಸಿದರು. 1901ರಲ್ಲಿ ಅದಕ್ಕಾಗಿ ಶಾಲೆಯನ್ನೇ ತೆರೆದರು. ನೀಲಿ ಅಂಗಿ ತೊಟ್ಟ ಆ ಹುಡುಗರು ಪಂಪು, ಕೊಳವೆ, ನಿರ್ವಾತ ಪಾತ್ರೆಗಳ ನಡುವೆ ಬೆಳೆದರು.

ಊರಿನವರಿಗೆ ಇದೆಲ್ಲ ಭಯವನ್ನೂ ತಂದಿತ್ತು. 1807ರಲ್ಲಿ ಸಿಡಿಮದ್ದಿನ ಹಡಗೊಂದು ಸ್ಫೋಟಿಸಿ ಲೈಡನ್ನಿನ ಒಂದು ಕೇರಿಯೇ ನೆಲಸಮವಾಗಿತ್ತು. ಪ್ರಯೋಗಶಾಲೆ ನಿಂತದ್ದು ಆ ನೆಲದ ಮೇಲೆಯೇ. ಒತ್ತಿ ತುಂಬಿದ ಅನಿಲಗಳ ಸುದ್ದಿ ಕೇಳಿ 1895ರಲ್ಲಿ ನಗರಾಡಳಿತ ತಡೆಯೊಡ್ಡಿತು. ಶೈತ್ಯದ ಕೆಲಸ ಮೂರು ವರ್ಷ ನಿಂತಿತು. ಅಷ್ಟರಲ್ಲಿ, 1898ರಲ್ಲಿ, ಲಂಡನ್ನಿನ ಜೇಮ್ಸ್ ಡ್ಯೂವರ್ ಜಲಜನಕವನ್ನು ದ್ರವವಾಗಿಸಿಬಿಟ್ಟರು. ಉಳಿದದ್ದು ಹೀಲಿಯಂ ಒಂದೇ.

ಹೀಲಿಯಂ ಆಗ ದುರ್ಲಭ ವಸ್ತು. ಓನೆಸರ ತಮ್ಮನ ನೆರವಿನಿಂದ ಅಮೆರಿಕದ ಮೋನಜೈಟ್ ಮರಳು ಬಂತು. ಅದನ್ನು ಕಾಯಿಸಿ ಅನಿಲವನ್ನು ಕೂಡಿಸಬೇಕಾಯಿತು. (ಕೇರಳ, ಕನ್ಯಾಕುಮಾರಿಗಳ ಕಡಲ ದಂಡೆಯಲ್ಲಿ ಇದೇ ಖನಿಜ ಹೇರಳ.) 1908ರ ಜುಲೈ 10ರ ನಸುಕಿಗೆ ಕೆಲಸ ಮೊದಲಾಯಿತು. ಕೈಬಿಡುವಿಲ್ಲದ ಓನೆಸರಿಗೆ ಮಡದಿ ಎಲಿಸಬೆತ್ ತಾವೇ ತುತ್ತು ನೀಡಿದರು. ಸಂಜೆಯಾದರೂ ದ್ರವ ಕಾಣಲಿಲ್ಲ; ಉಷ್ಣತಾಮಾಪಕ ಮಾತ್ರ ಒಂದೆಡೆ ನಿಂತುಬಿಟ್ಟಿತ್ತು. ಪಾತ್ರೆಗೆ ಕೆಳಗಿನಿಂದ ಬೆಳಕು ಬಿಟ್ಟಾಗ ತಿಳಿಯಿತು: ಪಾರದರ್ಶಕವಾದ ಹೀಲಿಯಂ ಅದಾಗಲೇ ತುಂಬಿಕೊಂಡಿತ್ತು. ಸುಮಾರು 60 ಘನ ಸೆಂಟಿಮೀಟರ್, ಸೊನ್ನೆಗಿಂತ 269 ಡಿಗ್ರಿ ಕೆಳಗೆ.

ಇಂಥ ಶೈತ್ಯದಲ್ಲಿ ಲೋಹದೊಳಗಿನ ವಿದ್ಯುತ್ತು ಏನಾಗುತ್ತದೆ? ಅದು ಹೆಪ್ಪುಗಟ್ಟಿ ಹರಿವೇ ನಿಲ್ಲುವುದೆಂದು ಕೆಲ್ವಿನ್ ಊಹಿಸಿದ್ದರು. ರೋಧ ಮೆಲ್ಲಮೆಲ್ಲನೆ ಕರಗುವುದೆಂದು ಓನೆಸರ ನಿರೀಕ್ಷೆ. ಮತ್ತೆ ಮತ್ತೆ ಬಟ್ಟಿಯಿಳಿಸಿ ಶುದ್ಧಗೊಳಿಸಬಹುದೆಂದು ಪಾದರಸವನ್ನು ಆರಿಸಿಕೊಂಡರು. 1911ರ ಏಪ್ರಿಲ್ 8ರಂದು ಹೆರಿಟ್ ಯಾನ್ ಫ್ಲಿಮ್ ಶೀತಯಂತ್ರ ನಡೆಸಿದರು. ದೂರದ ಕತ್ತಲೆ ಕೋಣೆಯಲ್ಲಿ ಯುವ ಸಹಾಯಕ ಖಿಲ್ಲೆಸ್ ಹೋಲ್ಸ್ಟ್ ರೋಧವನ್ನು ಅಳೆಯುತ್ತಿದ್ದರು. 3 ಕೆಲ್ವಿನ್ ಸಮೀಪ ಅಳೆಯಲು ರೋಧವೇ ಉಳಿದಿರಲಿಲ್ಲ. ಅದೇ ವರ್ಷ ಮುಂದೆ ನಡೆದ ಸೂಕ್ಷ್ಮ ಅಳತೆಗಳಲ್ಲಿ ಇಬ್ಬರ ಊಹೆಯೂ ತಪ್ಪೆಂದು ತಿಳಿಯಿತು. ರೋಧ ಕರಗುತ್ತಿರಲಿಲ್ಲ, 4.2 ಕೆಲ್ವಿನ್ ಬಳಿ ಪ್ರಪಾತಕ್ಕೆ ಬಿದ್ದಂತೆ ಇಲ್ಲವಾಗುತ್ತಿತ್ತು.

ಈ ಶೋಧದ ವರದಿಗಳಲ್ಲಿ ಲೇಖಕರ ಸ್ಥಾನದಲ್ಲಿದ್ದುದು ಓನೆಸರ ಹೆಸರೊಂದೇ. ಅಂದಿನ ಪ್ರಾಧ್ಯಾಪಕರ ರೂಢಿಯೇ ಹಾಗಿತ್ತೆಂದು ಹೇಳಬಹುದು. ಆದರೂ ಕತ್ತಲೆಯಲ್ಲಿ ಕುಳಿತು ಮುಳ್ಳಿನ ಚಲನೆಯನ್ನು ಕಂಡ ಕಣ್ಣು ಹೋಲ್ಸ್ಟರದು. 1913ರ ನೊಬೆಲ್ ಪ್ರಶಸ್ತಿ ಓನೆಸರಿಗೆ ಬಂತು. ಹೋಲ್ಸ್ಟ್ ಮರುವರ್ಷ ಫಿಲಿಪ್ಸ್ ಕಂಪನಿಯ ಸಂಶೋಧನಾಲಯವನ್ನು ಕಟ್ಟಲು ಹೊರಟುಹೋದರು.

ಸೀಸದ ಸುರುಳಿಯಲ್ಲಿ ಹರಿಯಬಿಟ್ಟ ವಿದ್ಯುತ್ತು ಬ್ಯಾಟರಿಯಿಲ್ಲದೆ ಗಂಟೆಗಟ್ಟಲೆ ಕುಗ್ಗದೆ ಸುತ್ತುವುದನ್ನು 1914ರಲ್ಲಿ ಓನೆಸ್ ತೋರಿಸಿದರು. ಅತಿವಾಹಕ ತಂತಿಯಿಂದ ಮಹಾ ಅಯಸ್ಕಾಂತವನ್ನು ಮಾಡುವ ಅವರ ಕನಸು ಮಾತ್ರ ಕೈಗೂಡಲಿಲ್ಲ. ಸಾಧಾರಣ ಕಾಂತಕ್ಷೇತ್ರ ತಗುಲಿದರೂ ಆ ಲೋಹಗಳ ಅತಿವಾಹಕತೆ ಅಳಿಯುತ್ತಿತ್ತು.

ಹೀಲಿಯಂನ ದುಬಾರಿ ಶೈತ್ಯದಿಂದ ಈ ಗುಣವನ್ನು ಬಿಡಿಸಲು ಮುಕ್ಕಾಲು ಶತಮಾನ ಹಿಡಿಯಿತು. 1986ರಲ್ಲಿ ಜ್ಯೂರಿಕ್ ಬಳಿ ಬೆಡ್ನೋರ್ಜ್ ಮತ್ತು ಮ್ಯುಲ್ಲರ್ ತಾಮ್ರದ ಆಕ್ಸೈಡಿನ ಪಿಂಗಾಣಿಯಂಥ ವಸ್ತುವಿನಲ್ಲಿ 30 ಕೆಲ್ವಿನ್ ಮೀರಿದ ಅತಿವಾಹಕತೆ ಕಂಡರು. ಮರುವರ್ಷ ಇಟ್ರಿಯಂ, ಬೇರಿಯಂ ಬೆರೆತ ಆಕ್ಸೈಡು 90ನ್ನು ದಾಟಿತು. ಹೊಸೂರಿಗೆ ನೆರೆಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸಿ. ಎನ್. ಆರ್. ರಾವ್ ಅವರ ತಂಡ 1987ರಲ್ಲಿಯೇ ಇಂಥ ಆಕ್ಸೈಡುಗಳನ್ನು ತಯಾರಿಸಿ ಪರೀಕ್ಷಿಸಿತು. ಅಧಿಕ ತಾಪದ ಅತಿವಾಹಕಗಳೆಂಬ ಹೆಸರಿನ ಅಧಿಕ ಎಂಬ ಪದವನ್ನು ಓನೆಸರ ಶೈತ್ಯಕ್ಕೆ ಹೋಲಿಸಿಯೇ ಅರ್ಥಮಾಡಿಕೊಳ್ಳಬೇಕು. ಇವುಗಳಲ್ಲಿ ಹಲವಕ್ಕೆ ಪಶು ಆಸ್ಪತ್ರೆಯ ಅದೇ ದ್ರವ ಸಾರಜನಕ ಸಾಕು.

1926ರ ಫೆಬ್ರುವರಿ 21ರಂದು ಓನೆಸ್ ತೀರಿಕೊಂಡರು. ಶವಯಾತ್ರೆ ತಡವಾಗಿ ಹೊರಟು, ಕಪ್ಪುಡುಪು ತೊಟ್ಟ ಕಾರ್ಯಾಗಾರದ ಹಳೆಯ ಕೆಲಸಗಾರರು ಗಾಡಿಯ ಹಿಂದೆ ಬೆವರುತ್ತ ಓಡುನಡಿಗೆಯಲ್ಲಿ ಸಾಗಬೇಕಾಯಿತಂತೆ; ಸತ್ತ ಮೇಲೂ ಯಜಮಾನರು ತಮ್ಮನ್ನು ಓಡಿಸುವುದನ್ನು ಬಿಡಲಿಲ್ಲವೆಂದು ಅವರಲ್ಲೊಬ್ಬರು ನಕ್ಕರೆಂದು ಲೈಡನ್ನಿನಲ್ಲಿ ಕಥೆಯಿದೆ.