ಗಾಳಿಯ ಮೇಲೆ ಸವಾರಿ: ಜಾನ್ ಬಾಯ್ಡ್ ಡನ್‌ಲಪ್

ಮಕ್ಕಳೇ, ಗಾಳಿ ಇಳಿದ ಸೈಕಲನ್ನು ನೀವು ಎಂದಾದರೂ ತುಳಿದಿದ್ದೀರಾ? ದಾರಿಯಲ್ಲಿ ಸಣ್ಣ ಕಲ್ಲು ಸಿಕ್ಕರೂ ಮೈಯೆಲ್ಲ ಕುಲುಕುತ್ತದೆ. ಎಷ್ಟು ಜೋರಾಗಿ ತುಳಿದರೂ ಸೈಕಲ್ ಮುಂದೆ ಹೋಗಲು ಒಲ್ಲೆ ಎನ್ನುತ್ತದೆ. ಅದೇ ಸೈಕಲಿಗೆ ಪಂಪಿನಿಂದ ನಾಲ್ಕು ಬಾರಿ ಗಾಳಿ ಒತ್ತಿ ಹತ್ತಿದರೆ ಹಗುರವಾಗಿ ಓಡುತ್ತದೆ. ಟೈರಿನೊಳಗೆ ಗಾಳಿ ತುಂಬುವ ಈ ಉಪಾಯವನ್ನು ಜಗತ್ತಿನಲ್ಲಿ ಬಳಕೆಗೆ ತಂದವನು ಎಂಜಿನಿಯರ್ ಅಲ್ಲ, ಸೈಕಲ್ ತಯಾರಕನೂ ಅಲ್ಲ. ಅವನೊಬ್ಬ ದನಕರುಗಳ ಡಾಕ್ಟರು!

ಹಳ್ಳಿಯ ಹುಡುಗ

ಜಾನ್ ಬಾಯ್ಡ್ ಡನ್‌ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಎಂಬ ಊರಿನ ರೈತ ಕುಟುಂಬದಲ್ಲಿ. ಎಡಿನ್‌ಬರೋ ನಗರದಲ್ಲಿ ಪಶುವೈದ್ಯ ಶಿಕ್ಷಣ ಪಡೆದ. 1867ರಲ್ಲಿ ಐರ್ಲೆಂಡಿಗೆ ಬಂದು ನೆಲೆಸಿದ. ಕೆಲವು ವರ್ಷಗಳ ನಂತರ ಬೆಲ್‌ಫಾಸ್ಟ್ ನಗರದಲ್ಲಿ ಅವನ ಪಶುವೈದ್ಯಾಲಯ ಬಹಳ ದೊಡ್ಡದಾಗಿ ಬೆಳೆಯಿತು.

ಮಗನ ಮೂರು ಚಕ್ರದ ಸೈಕಲ್

ಡನ್‌ಲಪ್‌ಗೆ ಒಂಬತ್ತು–ಹತ್ತು ವರ್ಷದ ಮಗನಿದ್ದ. ಅವನ ಹತ್ತಿರ ಒಂದು ಮೂರು ಚಕ್ರದ ಸೈಕಲ್ ಇತ್ತು. ಆಗಿನ ಬೆಲ್‌ಫಾಸ್ಟಿನ ಬೀದಿಗಳಿಗೆ ಕಲ್ಲು ಹಾಸಿರುತ್ತಿದ್ದರು. ಸೈಕಲ್ ಚಕ್ರಗಳಿಗೆ ಗಟ್ಟಿ ರಬ್ಬರಿನ ಪಟ್ಟಿ ಇರುತ್ತಿತ್ತೇ ಹೊರತು ಒಳಗೆ ಗಾಳಿ ಇರಲಿಲ್ಲ. ಕಲ್ಲಿನಿಂದ ಕಲ್ಲಿಗೆ ಚಕ್ರ ಉರುಳುವಾಗ ಹುಡುಗನಿಗೆ ಮೈ ನೋವು ಬರುವಷ್ಟು ಕುಲುಕಾಟ.

ಇದು ಅವನೊಬ್ಬನ ಕಷ್ಟವಾಗಿರಲಿಲ್ಲ. ಅಂದಿನ ಎಲ್ಲ ಸವಾರರ ಪಾಡೂ ಇದೇ. ಹಿಂದಿನ ಸೈಕಲ್‌ಗಳಿಗೆ ಮುಂದೆ ಆಳೆತ್ತರದ ಚಕ್ರ ಇರುತ್ತಿತ್ತು. ದೊಡ್ಡ ಚಕ್ರ ಸಣ್ಣ ಗುಂಡಿಗಳ ಮೇಲೆ ಸಲೀಸಾಗಿ ದಾಟುತ್ತದೆ. ಆದರೆ ಅಷ್ಟು ಎತ್ತರದಿಂದ ಬಿದ್ದರೆ ಅಪಾಯ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹೆಚ್ಚುಕಡಿಮೆ ಸಮ ಅಳತೆಯ ಎರಡು ಚಕ್ರಗಳ ಸೈಕಲನ್ನು ತಂದ. ಬೀಳುವ ಭಯ ಕಡಿಮೆಯಾಯಿತು, ಆದರೆ ಚಕ್ರ ಚಿಕ್ಕದಾದ್ದರಿಂದ ಕುಲುಕಾಟ ಹೆಚ್ಚಿತು. ಆಸನದ ಕೆಳಗೆ ಸ್ಪ್ರಿಂಗ್ ಇಟ್ಟರೂ ಕೂತ ಜಾಗಕ್ಕೆ ಮಾತ್ರ ಸ್ವಲ್ಪ ಹಿತ. ಹಿಡಿಕೆ ಹಿಡಿದ ಕೈಗಳ ನಡುಕ ತಪ್ಪಲಿಲ್ಲ.

ಅಂಗಳದಲ್ಲಿ ಒಂದು ಪ್ರಯೋಗ

ಡನ್‌ಲಪ್ ಯೋಚಿಸಿದ. ಪೆಟ್ಟು ಹುಟ್ಟುವುದು ಚಕ್ರ ನೆಲ ಮುಟ್ಟುವ ಜಾಗದಲ್ಲಿ. ಅದನ್ನು ಅಲ್ಲಿಯೇ ತಡೆಯಬಾರದೇಕೆ? ತೆಳುವಾದ ರಬ್ಬರ್ ಹಾಳೆಯನ್ನು ಅಂಟಿಸಿ ಕೊಳವೆ ಮಾಡಿದ. ಸುಮಾರು 96 ಸೆಂಟಿಮೀಟರ್ ಅಗಲದ ದುಂಡನೆಯ ಮರದ ಹಲಗೆಯ ಅಂಚಿಗೆ ಅದನ್ನು ಸುತ್ತಿದ. ಜಾರದಂತೆ ಮೇಲೆ ಬಟ್ಟೆ ಹೊದಿಸಿ ಮೊಳೆ ಹೊಡೆದ. ಕಾಲ್ಚೆಂಡಿಗೆ ಗಾಳಿ ತುಂಬುವ ಪಂಪಿನಿಂದ ಅದಕ್ಕೆ ಗಾಳಿ ತುಂಬಿದ. ಇದು ನಡೆದದ್ದು 1887ರಲ್ಲಿ.

ಮುಂದೆ ಅವನು ಮಾಡಿದ ಕೆಲಸವನ್ನು ಗಮನಿಸಿ. ಮಗನ ಸೈಕಲಿನ ಗಟ್ಟಿ ಚಕ್ರವನ್ನು ಬಿಚ್ಚಿ ತಂದ. ಎರಡೂ ಚಕ್ರಗಳನ್ನು ಒಂದೇ ಅಂಗಳದಲ್ಲಿ ಉರುಳಿಸಿದ. ಗಟ್ಟಿ ಚಕ್ರ ಸ್ವಲ್ಪ ದೂರ ಹೋಗಿ ಮಗುಚಿಬಿತ್ತು. ಗಾಳಿಯ ಚಕ್ರ ಅಂಗಳವನ್ನೆಲ್ಲ ದಾಟಿ, ಬಾಗಿಲ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು!

ಡನ್‌ಲಪ್ ಹುಡುಕುತ್ತಿದ್ದದ್ದು ಹಿತವಾದ ಸವಾರಿಯನ್ನು. ಅದರ ಜೊತೆಗೆ ವೇಗವೂ ಸಿಕ್ಕಿತು. ಇದು ಹೇಗೆ? ಗಟ್ಟಿ ಚಕ್ರ ಕಲ್ಲನ್ನು ಹತ್ತುವಾಗ ಸೈಕಲ್ ಮತ್ತು ಸವಾರ ಇಬ್ಬರನ್ನೂ ಮೇಲಕ್ಕೆ ಎತ್ತಬೇಕು. ಮುಂದೆ ಸಾಗಲು ಬೇಕಾದ ಶಕ್ತಿಯ ಒಂದು ಪಾಲು ಹೀಗೆ ಎತ್ತುವುದರಲ್ಲಿಯೂ ನಡುಗುವುದರಲ್ಲಿಯೂ ವ್ಯರ್ಥವಾಗುತ್ತದೆ. ಗಾಳಿಯ ಟೈರಿನಲ್ಲಾದರೆ ಕಲ್ಲು ತಾಗಿದ ಜಾಗ ಮಾತ್ರ ಒಳಕ್ಕೆ ತಗ್ಗುತ್ತದೆ. ಒಳಗಿನ ಗಾಳಿ ತುಸು ಕುಗ್ಗಿ, ಕಲ್ಲು ದಾಟಿದ ಕೂಡಲೇ ಮತ್ತೆ ಹಿಗ್ಗುತ್ತದೆ. ಚಕ್ರದ ನಡುಭಾಗ ಹೆಚ್ಚು ಮೇಲೇಳುವುದಿಲ್ಲ. ಆದ್ದರಿಂದ ಸವಾರನಿಗೆ ನೋವೂ ಕಡಿಮೆ, ಶ್ರಮವೂ ಕಡಿಮೆ.

ನಕ್ಕವರೇ ಬೆರಗಾದರು

ಡನ್‌ಲಪ್ ಮಗನ ಸೈಕಲಿನ ಹಿಂದಿನ ಎರಡು ಚಕ್ರಗಳಿಗೂ ಗಾಳಿಯ ಟೈರು ಜೋಡಿಸಿದ. ಆಮೇಲೆ ದೊಡ್ಡವರ ಸೈಕಲಿಗೂ ಹಾಕಿ ನೋಡಿದ. 1888ರ ಡಿಸೆಂಬರ್ 7ರಂದು ಅವನಿಗೆ ಪೇಟೆಂಟ್ ದೊರೆಯಿತು. ಅಂದರೆ ಅವನ ಅನುಮತಿ ಇಲ್ಲದೆ ಬೇರೆಯವರು ಅದನ್ನು ತಯಾರಿಸಿ ಮಾರುವಂತಿಲ್ಲ ಎಂಬ ಹಕ್ಕು.

1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟಕ್ಕೆ ವಿಲಿ ಹ್ಯೂಮ್ ಎಂಬ ಸವಾರ ಗಾಳಿಯ ಟೈರಿನ ಸೈಕಲ್ ತಂದ. ಉಬ್ಬಿದ ದಪ್ಪ ಟೈರುಗಳನ್ನು ಕಂಡು ಜನ ನಕ್ಕರಂತೆ. ಅವನು ಸ್ಪರ್ಧಿಸಿದ ನಾಲ್ಕು ಪಂದ್ಯಗಳನ್ನೂ ಗೆದ್ದಾಗ ನಗು ನಿಂತಿತು. ವ್ಯಾಪಾರಿ ಹಾರ್ವೆ ಡು ಕ್ರೋ ಮುಂದೆ ಬಂದು ಡಬ್ಲಿನ್ ನಗರದಲ್ಲಿ ಟೈರು ತಯಾರಿಕೆಯ ಕಂಪನಿ ಕಟ್ಟಿದ. ಡನ್‌ಲಪ್ ತನ್ನ ಹಕ್ಕನ್ನು ಅದಕ್ಕೆ ಒಪ್ಪಿಸಿ ಪಾಲುದಾರನಾದ.

ಮೊದಲಿಗ ಬೇರೊಬ್ಬ!

ಅಷ್ಟರಲ್ಲಿ ಒಂದು ಆಘಾತ ಕಾದಿತ್ತು. ಸ್ಕಾಟ್ಲೆಂಡಿನವನೇ ಆದ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದಿದ್ದ! ಕುದುರೆ ಗಾಡಿಗೆ ಅದನ್ನು ಹಾಕಿಯೂ ತೋರಿಸಿದ್ದ. ಆಗ ರಬ್ಬರ್ ಬಹಳ ದುಬಾರಿ, ಪೆಡಲ್ ತುಳಿಯುವ ಸೈಕಲ್‌ಗಳೂ ಬಳಕೆಗೆ ಬಂದಿರಲಿಲ್ಲ. ಹಾಗಾಗಿ ಜನ ಅದನ್ನು ಮರೆತುಬಿಟ್ಟಿದ್ದರು. ಡನ್‌ಲಪ್‌ಗೂ ಅದು ಗೊತ್ತಿರಲಿಲ್ಲ. ಈ ಸಂಗತಿ 1890ರಲ್ಲಿ ಹೊರಬಿದ್ದು, ಡನ್‌ಲಪ್‌ನ ಪೇಟೆಂಟ್ ರದ್ದಾಯಿತು.

ಇನ್ನೊಂದು ತೊಂದರೆಯೂ ಇತ್ತು. ಮೊದಲ ಟೈರುಗಳನ್ನು ಚಕ್ರಕ್ಕೆ ಅಂಟಿಸುತ್ತಿದ್ದರು. ಪಂಕ್ಚರ್ ಆದರೆ ಬಿಚ್ಚುವುದೇ ದೊಡ್ಡ ಕೆಲಸ. ಸುಲಭವಾಗಿ ಬಿಚ್ಚಿ ಹಾಕಬಲ್ಲ ಟೈರುಗಳನ್ನು ಚಾರ್ಲ್ಸ್ ವೆಲ್ಚ್ ಮತ್ತು ವಿಲಿಯಂ ಬಾರ್ಟ್‌ಲೆಟ್ ಬೇರೆಬೇರೆಯಾಗಿ ಕಂಡುಹಿಡಿದರು. ಅವರ ಹಕ್ಕುಗಳನ್ನು ಕೊಂಡು ಕಂಪನಿ ಉಳಿದುಕೊಂಡಿತು. ಡನ್‌ಲಪ್ ಮಾತ್ರ 1895ರಲ್ಲಿ ಅದನ್ನು ಬಿಟ್ಟ. ಟೈರು ಮೋಟಾರು ಗಾಡಿಗಳಿಗೂ ಬಂದು ಅವನ ಹೆಸರು ಲೋಕವನ್ನೆಲ್ಲ ಸುತ್ತಿತು, ಆದರೆ ಅವನ ಕೈಗೆ ದೊಡ್ಡ ಸಂಪತ್ತು ಸೇರಲಿಲ್ಲ. 1921ರ ಅಕ್ಟೋಬರ್ 23ರಂದು ಡಬ್ಲಿನ್‌ನಲ್ಲಿ ತೀರಿಕೊಂಡ.

ಗಾಳಿಯ ಚಕ್ರವನ್ನು ಮೊದಲು ಯೋಚಿಸಿದವನು ಥಾಮ್ಸನ್. ಅದನ್ನು ಜನರ ಸೈಕಲಿಗೆ ತಂದವನು ಡನ್‌ಲಪ್. ಇಬ್ಬರನ್ನೂ ನೆನೆಯುವುದು ನ್ಯಾಯ.

ಮಾಡಿ ನೋಡಿ: ಬಿಳಿ ಹಾಳೆಯ ಮೇಲೆ ಸೈಕಲಿನ ಒದ್ದೆ ಟೈರನ್ನು ಇರಿಸಿ, ಗೆಳೆಯನನ್ನು ಕೂರಿಸಿ ಗುರುತು ಮೂಡಿಸಿ. ಗಾಳಿ ಕಡಿಮೆ ಇದ್ದಾಗ ಮತ್ತು ಚೆನ್ನಾಗಿ ತುಂಬಿದಾಗ ಮೂಡಿದ ಗುರುತುಗಳನ್ನು ಅಳೆಯಿರಿ. ಯಾವುದು ದೊಡ್ಡದು? ಏಕೆ? ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.