ಫಿಲಿಪ್ ಹೆನ್ರಿ ಗಾಸ್

ಫಿಲಿಪ್ ಹೆನ್ರಿ ಗಾಸ್ (ಏಪ್ರಿಲ್ 6, 1810 – ಆಗಸ್ಟ್ 23, 1888) ಇಂಗ್ಲೆಂಡಿನ ನಿಸರ್ಗವಿಜ್ಞಾನಿ, ಚಿತ್ರಕಾರ ಹಾಗೂ ಜನಪ್ರಿಯ ವಿಜ್ಞಾನ ಲೇಖಕರು. ಕಡಲಿನ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ವಿಧಾನವನ್ನು ಜನಸಾಮಾನ್ಯರಿಗೆ ಪರಿಚಯಿಸಿದವರಲ್ಲಿ ಇವರು ಪ್ರಮುಖರು. ಅಂತಹ ತೊಟ್ಟಿಗೆ ಅಕ್ವೇರಿಯಂ ಎಂಬ ಹೆಸರು ರೂಢಿಗೆ ಬಂದದ್ದು ಮುಖ್ಯವಾಗಿ ಇವರ ಬರಹಗಳಿಂದ. ಹೊಸ ತೊಟ್ಟಿಯಲ್ಲಿ ಉಪ್ಪುನೀರು ಕೆಡದಂತೆ ನೋಡಿಕೊಳ್ಳುವ ಬಗ್ಗೆ ಇವರು ಪ್ರಯೋಗದಿಂದ ಕಂಡುಕೊಂಡ ನಿಯಮಗಳಲ್ಲಿ ಹಲವು ಇಂದಿಗೂ ಬಳಕೆಯಲ್ಲಿವೆ.

ಬಾಲ್ಯ ಮತ್ತು ಪ್ರವಾಸಗಳು

ಗಾಸ್ ಅವರು ಇಂಗ್ಲೆಂಡಿನ ವುಸ್ಟರ್ ಪಟ್ಟಣದಲ್ಲಿ ಜನಿಸಿದರು. ತಂದೆ ಥಾಮಸ್ ಗಾಸ್ ಊರೂರು ತಿರುಗಿ ಕಿರುಚಿತ್ರಗಳನ್ನು ಬರೆಯುತ್ತಿದ್ದ ಕಲಾವಿದ. ಬಾಲ್ಯ ಕಳೆದದ್ದು ಪೂಲ್ ಎಂಬ ಬಂದರು ಪಟ್ಟಣದಲ್ಲಿ. 1827ರಲ್ಲಿ ಗುಮಾಸ್ತರಾಗಿ ನ್ಯೂಫೌಂಡ್‌ಲೆಂಡಿಗೆ ತೆರಳಿದರು. ಅಲ್ಲಿ ಸೂಕ್ಷ್ಮದರ್ಶಕವನ್ನು ಕುರಿತ ಪುಸ್ತಕವೊಂದನ್ನು ಕೊಂಡು ಓದಿದ್ದು ಅವರನ್ನು ಜೀವಿಗಳ ಅಧ್ಯಯನದತ್ತ ಸೆಳೆಯಿತು. 1835ರಲ್ಲಿ ಕೆನಡಾದಲ್ಲಿ ಕೈಗೊಂಡ ಬೇಸಾಯ ಕೈಗೂಡಲಿಲ್ಲ. 1838ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಕೆಲಕಾಲ ಶಾಲಾಶಿಕ್ಷಕರಾಗಿದ್ದು, ಮರುವರ್ಷ ಸ್ವದೇಶಕ್ಕೆ ಮರಳಿದರು. 1844ರಿಂದ ಸುಮಾರು ಒಂದೂವರೆ ವರ್ಷ ಜಮೈಕಾದಲ್ಲಿದ್ದು ಅಲ್ಲಿನ ಹಕ್ಕಿಗಳನ್ನು ಅಭ್ಯಸಿಸಿದರು. 1848ರಲ್ಲಿ ಧಾರ್ಮಿಕ ಲೇಖಕಿ ಎಮಿಲಿ ಬೋವ್ಸ್ ಅವರನ್ನು ವಿವಾಹವಾದರು. ಇವರ ಮಗ ಎಡ್ಮಂಡ್ ಗಾಸ್ ಮುಂದೆ ಕವಿ ಹಾಗೂ ವಿಮರ್ಶಕರಾಗಿ ಹೆಸರಾದರು.

ಕಡಲ ತೊಟ್ಟಿಯ ಪ್ರಯೋಗಗಳು

ಕಡಲಜೀವಿಗಳನ್ನು ಮನೆಯಲ್ಲಿ ಸಾಕುವ ಯತ್ನ ಗಾಸ್ ಅವರಿಂದಲೇ ಆರಂಭವಾದುದಲ್ಲ. ಅನ್ನಾ ಥಿನ್ ಎಂಬ ಮಹಿಳೆ 1846ರಲ್ಲಿಯೇ ಟಾರ್ಕಿಯಿಂದ ಲಂಡನ್ನಿಗೆ ಹವಳಗಳನ್ನು ತಂದು, ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಸಿ ಗಾಳಿಯಾಡಿಸುತ್ತಾ ಅವುಗಳನ್ನು ಉಳಿಸಿಕೊಂಡಿದ್ದರು. ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಅವರು ಸಸ್ಯ, ಮೀನು ಮತ್ತು ಬಸವನಹುಳುಗಳನ್ನು ಒಟ್ಟಿಗೆ ಇಟ್ಟರೆ ಸಿಹಿನೀರಿನ ತೊಟ್ಟಿ ದೀರ್ಘಕಾಲ ಕೆಡದೆ ಉಳಿಯುವುದೆಂದು ತೋರಿಸಿಕೊಟ್ಟಿದ್ದರು.

1852ರಲ್ಲಿ ಆರೋಗ್ಯ ಸುಧಾರಣೆಗಾಗಿ ಡೆವನ್ ಕರಾವಳಿಗೆ ಹೋದ ಗಾಸ್, ಇದೇ ತತ್ತ್ವವನ್ನು ಕಡಲನೀರಿನಲ್ಲಿ ಪರೀಕ್ಷಿಸಿದರು. ಪ್ರಾಣಿಗಳು ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡನ್ನು ಪಾಚಿಗಳು ಹೀರಿಕೊಂಡು ಬೆಳಕಿನಲ್ಲಿ ಆಮ್ಲಜನಕವನ್ನು ಹಿಂದಿರುಗಿಸುತ್ತವೆ. ಎರಡೂ ಸಮತೂಕದಲ್ಲಿದ್ದರೆ ನೀರನ್ನು ಪದೇ ಪದೇ ಬದಲಿಸಬೇಕಿಲ್ಲ ಎಂಬುದು ಅವರ ನಿಲುವಾಗಿತ್ತು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆದಾಗ ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಗಾಸ್ ಒಬ್ಬರು. 1854ರಲ್ಲಿ ಅವರ 'ದಿ ಅಕ್ವೇರಿಯಂ' ಗ್ರಂಥ ಪ್ರಕಟವಾಗಿ ಬಹಳ ಜನಪ್ರಿಯವಾಯಿತು.

ಕೃತಕ ಕಡಲನೀರು

ಕರಾವಳಿಯಿಂದ ದೂರವಿದ್ದವರು ಕಡಲನೀರನ್ನು ಪೀಪಾಯಿಗಳಲ್ಲಿ ತರಿಸಬೇಕಾಗಿತ್ತು. ಓಕ್ ಮರದ ಪೀಪಾಯಿಯಾದರೆ ಮರದ ಒಗರು ನೀರಿಗಿಳಿದು ಪ್ರಾಣಿಗಳು ಸಾಯುತ್ತಿದ್ದವು. ಈ ತೊಡಕಿಗೆ ಪರಿಹಾರವಾಗಿ ಗಾಸ್ 1854ರಲ್ಲಿ ಕೃತಕ ಕಡಲನೀರಿನ ಸೂತ್ರವೊಂದನ್ನು ಪ್ರಕಟಿಸಿದರು. ಸುಮಾರು ನಾಲ್ಕೂವರೆ ಲೀಟರಿಗಿಂತ ತುಸು ಕಡಿಮೆ ಸಿಹಿನೀರಿಗೆ ಅಡುಗೆ ಉಪ್ಪು 3½ ಔನ್ಸ್ (ಸುಮಾರು 99 ಗ್ರಾಂ), ಎಪ್ಸಂ ಲವಣ ¼ ಔನ್ಸ್ (ಸುಮಾರು 7 ಗ್ರಾಂ), ಮೆಗ್ನೀಸಿಯಂ ಕ್ಲೋರೈಡ್ 200 ಗ್ರೇನ್ (ಸುಮಾರು 13 ಗ್ರಾಂ) ಮತ್ತು ಪೊಟ್ಯಾಸಿಯಂ ಕ್ಲೋರೈಡ್ 40 ಗ್ರೇನ್ (ಸುಮಾರು 2.6 ಗ್ರಾಂ) ಬೆರೆಸುವುದು ಆ ಸೂತ್ರ. ಅತ್ಯಲ್ಪ ಪ್ರಮಾಣದಲ್ಲಿರುವ ಸುಣ್ಣದ ಲವಣಗಳನ್ನು ಅವರು ಕೈಬಿಟ್ಟಿದ್ದರು. ಹವಳಗಳು ತಮ್ಮ ಗೂಡನ್ನು ಕಟ್ಟಿಕೊಳ್ಳಲು ಕ್ಯಾಲ್ಸಿಯಂ ಅವಶ್ಯಕವಾದುದರಿಂದ ಇಂದಿನ ಹವಳ ತೊಟ್ಟಿಗಳ ಉಪ್ಪಿನಲ್ಲಿ ಅದು ತಪ್ಪದೆ ಇರುತ್ತದೆ.

ನೀರು ಸಿದ್ಧವಾದೊಡನೆ ಗಾಸ್ ಅದಕ್ಕೆ ಪ್ರಾಣಿಗಳನ್ನು ಬಿಡಲಿಲ್ಲ. ನೀರನ್ನು ಸೋಸಿ, ತೊಳೆದ ಬೆಣಚುಕಲ್ಲುಗಳನ್ನು ಹಾಸಿ, ಹಸಿರು ಪಾಚಿ ಬೆಳೆದಿದ್ದ ಕಲ್ಲಿನ ತುಂಡುಗಳನ್ನು ಮಾತ್ರ ಇರಿಸಿ ಸುಮಾರು ಒಂದು ವಾರ ಕಾದರು. ಆ ಬಳಿಕ ಬಿಟ್ಟ ಜೀವಿಗಳು ವಾರಗಟ್ಟಲೆ ಆರೋಗ್ಯವಾಗಿದ್ದವು. ಸಸ್ಯಗಳಿಂದ ನೀರಿಗೆ ಏನೋ ಒಂದು ಗುಣ ಸೇರುವುದೆಂಬುದು ಅವರ ಊಹೆಯಾಗಿತ್ತು. ಪ್ರಾಣಿಗಳ ಮಲಮೂತ್ರ ಮತ್ತು ಉಳಿದ ಆಹಾರದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟು ಅಪಾಯಕರವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆಂಬ ಸಂಗತಿ ಆಗ ತಿಳಿದಿರಲಿಲ್ಲ. ಈ ಕ್ರಿಯೆ ಸೂಕ್ಷ್ಮಜೀವಿಗಳದೆಂದು 1877ರಲ್ಲಿ ಷ್ಲೋಸಿಂಗ್ ಮತ್ತು ಮುಂಟ್ಸ್ ತೋರಿಸಿದರು; 1890ರ ಸುಮಾರಿಗೆ ವಿನೋಗ್ರಾಡ್‌ಸ್ಕಿ ಆ ಜೀವಿಗಳನ್ನು ಬೇರ್ಪಡಿಸಿದರು. ಕಡಲ ಕಲ್ಲುಗಳ ಮೇಲೆ ಇಂತಹ ಬ್ಯಾಕ್ಟೀರಿಯಾಗಳು ಸಹಜವಾಗಿ ನೆಲೆಸಿರುತ್ತವೆ. ಅವು ಹೊಸ ತೊಟ್ಟಿಯಲ್ಲಿ ಸಾಕಷ್ಟು ಹೆಚ್ಚಲು ಸಾಮಾನ್ಯವಾಗಿ ಕೆಲವು ವಾರಗಳೇ ಬೇಕಾಗುತ್ತವೆ. ಆದ್ದರಿಂದ ಗಾಸ್ ಅವರ ವಿವರಣೆ ಅಪೂರ್ಣವಾಗಿದ್ದರೂ, ಮೊದಲು ಕಲ್ಲು ಮತ್ತು ಪಾಚಿ, ಬಳಿಕ ಪ್ರಾಣಿ ಎಂಬ ಕ್ರಮ ಸರಿಯಾಗಿಯೇ ಇತ್ತು.

1855ರ ಕೈಪಿಡಿಯಲ್ಲಿ ಅವರು ತೊಟ್ಟಿಯ ನಿರ್ವಹಣೆಗೆ ಸೂಚನೆಗಳನ್ನು ನೀಡಿದರು. ಆವಿಯಾದ ನೀರಿನ ಬದಲು ಸಿಹಿನೀರನ್ನೇ ಸೇರಿಸಬೇಕು, ಏಕೆಂದರೆ ಉಪ್ಪು ಆವಿಯಾಗದೆ ತೊಟ್ಟಿಯಲ್ಲಿಯೇ ಉಳಿಯುತ್ತದೆ. ಸತ್ತ ಪ್ರಾಣಿಯನ್ನು ಒಡನೆಯೇ ತೆಗೆಯಬೇಕು. ತೀವ್ರವಾದ ಬಿಸಿಲು ತಾಗದಂತೆ ನೋಡಿಕೊಳ್ಳಬೇಕು. ಗಾಜಿನ ಮೇಲಿನ ಪಾಚಿಯನ್ನು ಮೇಯಲು ಕಡಲ ಬಸವನಹುಳುಗಳು ಇರಬೇಕು.

ಕರಾವಳಿಗೆ ಒದಗಿದ ಹಾನಿ

ಗಾಸ್ ಅವರ ಪುಸ್ತಕಗಳಿಂದ ಇಂಗ್ಲೆಂಡಿನಲ್ಲಿ ಕಡಲ ತೊಟ್ಟಿಯ ಹುಚ್ಚು ಹಬ್ಬಿತು. ನೀರನ್ನು ಮನೆಯಲ್ಲಿಯೇ ತಯಾರಿಸಬಹುದಾಗಿತ್ತು, ಜೀವಿಗಳನ್ನು ಮಾತ್ರ ಕಡಲಿನಿಂದಲೇ ತರಬೇಕಿತ್ತು. ಹವ್ಯಾಸಿಗಳು ಮತ್ತು ವ್ಯಾಪಾರಿಗಳು ದಡದ ಬಂಡೆಗುಂಡಿಗಳನ್ನು ಬರಿದು ಮಾಡಿದರು. ತಾವು ಪ್ರೀತಿಯಿಂದ ವರ್ಣಿಸಿದ ತಾಣಗಳು ತಮ್ಮ ಬರಹದಿಂದಲೇ ಹಾಳಾದುದು ಗಾಸ್ ಅವರಿಗೆ ನೋವುಂಟುಮಾಡಿತೆಂದು ಮಗ ಎಡ್ಮಂಡ್ 1907ರಲ್ಲಿ ಪ್ರಕಟವಾದ 'ಫಾದರ್ ಅಂಡ್ ಸನ್' ಕೃತಿಯಲ್ಲಿ ದಾಖಲಿಸಿದ್ದಾರೆ.

ಕೊನೆಯ ವರ್ಷಗಳು

1856ರಲ್ಲಿ ಗಾಸ್ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1857ರ ಫೆಬ್ರವರಿಯಲ್ಲಿ ಪತ್ನಿ ಎಮಿಲಿ ಕ್ಯಾನ್ಸರಿನಿಂದ ನಿಧನರಾದರು. ಅದೇ ವರ್ಷ ಭೂವಿಜ್ಞಾನವನ್ನೂ ಬೈಬಲಿನ ಸೃಷ್ಟಿಕಥೆಯನ್ನೂ ಹೊಂದಿಸಲೆತ್ನಿಸಿದ 'ಓಂಫಲಸ್' ಎಂಬ ಗ್ರಂಥವನ್ನು ಬರೆದರು. ಅದು ವಿಜ್ಞಾನಿಗಳಿಗಾಗಲಿ ಧರ್ಮಶ್ರದ್ಧೆಯುಳ್ಳವರಿಗಾಗಲಿ ಒಪ್ಪಿಗೆಯಾಗಲಿಲ್ಲ. ಬಳಿಕ ಟಾರ್ಕಿ ಬಳಿಯ ಸೇಂಟ್ ಮೇರಿಚರ್ಚ್‌ನಲ್ಲಿ ನೆಲೆಸಿ, ಬ್ರಿಟನ್ನಿನ ಕಡಲಹೂಗಳು ಮತ್ತು ಹವಳಗಳನ್ನು ಕುರಿತ ಬೃಹತ್ ಗ್ರಂಥವನ್ನು 1860ರಲ್ಲಿ ಪೂರ್ಣಗೊಳಿಸಿದರು. ಅದೇ ವರ್ಷ ಎಲೈಜಾ ಬ್ರೈಟ್‌ವೆನ್ ಅವರನ್ನು ಮರುವಿವಾಹವಾದರು. ರೋಟಿಫೆರ್ ಎಂಬ ಸೂಕ್ಷ್ಮಜೀವಿಗಳನ್ನು ಕುರಿತು ಸಿ. ಟಿ. ಹಡ್ಸನ್ ಅವರೊಂದಿಗೆ ರಚಿಸಿದ ಗ್ರಂಥ 1886ರಲ್ಲಿ ಹೊರಬಂದಿತು. 1888ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ಅವರು ಸೇಂಟ್ ಮೇರಿಚರ್ಚ್‌ನಲ್ಲಿಯೇ ನಿಧನರಾದರು.